ತಿಂಗಳ ಕೊನೆಯ ಗಾಡಿ ದುರಸ್ತಿ ಶಾಸ್ತ್ರ

ಹಳೆಯ ನೂರು ಸಿಸಿ ಗಾಡಿಯನ್ನು ಕಡಿಮೆ ದುಡ್ಡಿನಲ್ಲಿ ರಿಪೇರಿ ಮಾಡಿಸುವುದು ಒಂದು ಸ್ವತಂತ್ರ ಶಾಸ್ತ್ರ. ನಮ್ಮ ವಿಶ್ವವಿದ್ಯಾಲಯಗಳು ಇದನ್ನು ಇನ್ನೂ ಒಪ್ಪಿಲ್ಲ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಜಿನ್ ಹೇಗೆ ಓಡುತ್ತದೆ ಎಂದಷ್ಟೇ ಕಲಿಸುತ್ತಾರೆ. ಓಡಲು ಯಾವ ಕಾರಣವೂ ಉಳಿದಿಲ್ಲದ ಇಂಜಿನ್ ಹೇಗೆ ಓಡುತ್ತದೆ ಎಂಬುದು ಅಲ್ಲಿನ ಪಠ್ಯದಲ್ಲಿಲ್ಲ. ಆ ಕೊರತೆಯನ್ನು ತುಂಬಲು ಈ ಬರಹ. ಓದುಗರ ಬಳಿ ಒಂದು ಪಾನಾ ಸೆಟ್ಟು, ಒಂದು ಸುರುಳಿ ಇನ್ಸುಲೇಷನ್ ಟೇಪು ಮತ್ತು ಆಗಾಗ ಕ್ಯಾಲೆಂಡರ್ ನೋಡುವ ಅಭ್ಯಾಸ ಇದೆಯೆಂದು ಭಾವಿಸಿದ್ದೇನೆ. ಹಣ ಇದೆಯೆಂದು ಭಾವಿಸಿಲ್ಲ.

ಮೊದಲು ಶಾಸ್ತ್ರದ ವ್ಯಾಪ್ತಿ. ಯೆಜ್ಡಿ ಇಟ್ಟುಕೊಂಡವರು ಇದನ್ನು ಓದಬೇಕಾಗಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಅವರು ಮಾಡಿಸುತ್ತಿರುವುದು ರಿಪೇರಿಯಲ್ಲ, ಜೀರ್ಣೋದ್ಧಾರ. ಜೀರ್ಣೋದ್ಧಾರಕ್ಕೆ ಭಕ್ತರಿರುತ್ತಾರೆ, ಕಾಣಿಕೆ ಬರುತ್ತದೆ, ವರ್ಷಕ್ಕೊಮ್ಮೆ ಜುಲೈನಲ್ಲಿ ಮೆರವಣಿಗೆಯೂ ಹೊರಡುತ್ತದೆ. ಯಮಹಾ ಆರ್‌ಎಕ್ಸ್ 100 ಇದ್ದವರೂ ನಮ್ಮವರಲ್ಲ. ಅವರು ಗಾಡಿ ಓಡಿಸುವುದಕ್ಕಿಂತ ಅದರ ಈಗಿನ ರೇಟು ವಿಚಾರಿಸುವುದೇ ಹೆಚ್ಚು. ನಮ್ಮ ಶಾಸ್ತ್ರಕ್ಕೆ ಸೇರಿದ್ದು ಯಾರೂ ಫೋಟೊ ತೆಗೆಯದ ಗಾಡಿ: 1985ರಲ್ಲಿ ಬಂದ ಸಿಡಿ 100, 1994ರಲ್ಲಿ ಬಂದ ಸ್ಪ್ಲೆಂಡರ್, ಮತ್ತು ಅವೆರಡರ ಇಂಜಿನ್ನನ್ನೇ ಹೊತ್ತು ಬೇರೆ ಬೇರೆ ಸ್ಟಿಕರಿನಲ್ಲಿ ಬಂದ ಅವುಗಳ ತಮ್ಮಂದಿರು. 97.2 ಸಿಸಿ, ನಾಲ್ಕು ಸ್ಟ್ರೋಕು, ಒಂದೇ ಸಿಲಿಂಡರ್. ಟ್ಯಾಂಕಿನ ಮೇಲೆ ಎರಡು ಕಂಪನಿಗಳ ಹೆಸರು ಜೊತೆಯಾಗಿದ್ದರೆ ನಿಮ್ಮ ಗಾಡಿ ಖಂಡಿತ ಅರ್ಹ. 1984ರಲ್ಲಿ ಕೂಡಿದ ಹೀರೊ ಮತ್ತು ಹೋಂಡಾ 2010ರ ಡಿಸೆಂಬರಿನಲ್ಲಿ ಬೇರೆಯಾಗಲು ತೀರ್ಮಾನಿಸಿದವು. ಗಾಡಿಗೆ ಆ ಸುದ್ದಿಯನ್ನು ಯಾರೂ ತಿಳಿಸಿಲ್ಲ.

ಸಿಡಿ 100 ಬಂದಾಗಿನ ಜಾಹೀರಾತು ಹಿರಿಯರಿಗೆ ನೆನಪಿರಬಹುದು: ತುಂಬಿಸಿ, ಮುಚ್ಚಿ, ಮರೆತುಬಿಡಿ. ಮೊದಲನೆಯದಕ್ಕೆ ದುಡ್ಡು ಬೇಕು. ಎರಡನೆಯದಕ್ಕೆ ಟ್ಯಾಂಕಿನ ಮುಚ್ಚಳದ ಬೀಗ ಸರಿಯಿರಬೇಕು. ನಮ್ಮ ಜನ ಮೂರನೆಯದನ್ನು ನಿಷ್ಠೆಯಿಂದ ಪಾಲಿಸಿದರು. ಇಂಜಿನ್ ಆಯಿಲ್ ಮರೆತರು, ಏರ್ ಫಿಲ್ಟರ್ ಮರೆತರು, ಬ್ಯಾಟರಿ ಎಂಬುದೊಂದು ಇದೆಯೆಂದೇ ಮರೆತರು. ಇಂಜಿನ್ನು ಅದನ್ನೆಲ್ಲ ಸಹಿಸಿಕೊಂಡು ಓಡಿತು. ಈ ಶಾಸ್ತ್ರ ಹುಟ್ಟಿದ್ದೇ ಆ ಸಹನೆಯಿಂದ.

ಗಾಡಿ ಕೈಕೊಟ್ಟಾಗ ಸಾಮಾನ್ಯರು ಏನಾಗಿದೆ ಎಂದು ಕೇಳುತ್ತಾರೆ. ಶಾಸ್ತ್ರ ಬಲ್ಲವನು ಇವತ್ತು ಎಷ್ಟನೇ ತಾರೀಕು ಎಂದು ಕೇಳುತ್ತಾನೆ. ಸಂಬಳ ಬಂದ ದಿನದಿಂದ ಹತ್ತನೇ ತಾರೀಕಿನವರೆಗೆ ಶುಕ್ಲಪಕ್ಷ. ಆಗ ಸ್ಪೇರ್ ಪಾರ್ಟ್ ಕೊಳ್ಳಬಹುದು. ಧೈರ್ಯವಿದ್ದರೆ ಬಿಲ್ಲನ್ನೂ ಕೇಳಬಹುದು. ಹತ್ತರಿಂದ ಇಪ್ಪತ್ತರವರೆಗೆ ಕೂಲಿಯಲ್ಲೇ ಮುಗಿಯುವ ಕೆಲಸಗಳು: ಕ್ಲೀನ್ ಮಾಡುವುದು, ಟೈಟ್ ಮಾಡುವುದು, ಲೂಸ್ ಮಾಡುವುದು. ಇಪ್ಪತ್ತು ದಾಟಿತೆಂದರೆ ಕೃಷ್ಣಪಕ್ಷ. ಟೇಪು, ಬೈಂಡಿಂಗ್ ವೈರು, ಸೈಕಲ್ ಟ್ಯೂಬಿನ ತುಂಡು ಮತ್ತು ಎಂ-ಸೀಲ್, ಈ ನಾಲ್ಕರಲ್ಲೇ ಎಲ್ಲ ಕಾಯಿಲೆಗೂ ಮದ್ದು ನಡೆಯಬೇಕು. ಇಪ್ಪತ್ತೆಂಟಕ್ಕೆ ಇಂಜಿನ್ ಬಿಚ್ಚಿಸುವುದು ಸಂಪೂರ್ಣ ನಿಷಿದ್ಧ. ಬಿಚ್ಚಿದ ಇಂಜಿನ್ನನ್ನು ಜೋಡಿಸಲು ಹಣ ಬೇಕು. ಬಿಚ್ಚದೇ ಇದ್ದ ಇಂಜಿನ್ನು ಹೇಗೋ ಒಂದನೇ ತಾರೀಕನ್ನು ಮುಟ್ಟಿಕೊಳ್ಳುತ್ತದೆ. ಅನುಭವಿಗಳು ಫೆಬ್ರವರಿಯನ್ನು ವಿಶೇಷ ಶುಭಮಾಸವೆಂದು ಗಣಿಸುತ್ತಾರೆ. ಅದರ ಕೃಷ್ಣಪಕ್ಷ ಗಿಡ್ಡ.

ಇನ್ನು ಶಬ್ದವಿಚಾರ. ಇದು ಶಾಸ್ತ್ರದ ಹೃದಯ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹಳೆಯ ಗಾಡಿ ಹೊರಡಿಸುವ ಶಬ್ದಗಳಲ್ಲಿ ದುಡ್ಡು ಕೇಳುವವು, ದುಡ್ಡು ಕೇಳದವು ಎಂದು ಎರಡು ಜಾತಿ. ಹೆಡ್ಡಿನ ಮೇಲೆ ಟಿಕಟಿಕ ಎಂದರೆ ಟ್ಯಾಪೆಟ್. ಎಡಗಡೆ ಮುಚ್ಚಳದೊಳಗೆ ಜರಜರ ಎಂದರೆ ಟೈಮಿಂಗ್ ಚೈನು. ಏರು ಹತ್ತುವಾಗ ಒಳಗಿನಿಂದ ಟೊಕಟೊಕ ಎಂದು ಬಡಿದರೆ ಪಿಸ್ಟನ್ನು. ಅದು ದೊಡ್ಡ ದುಡ್ಡು. ಇವುಗಳಿಗೆ ಎದುರಾಗಿ ನಂಬರ್ ಪ್ಲೇಟಿನ ಗಡಗಡ, ಮಡ್‌ಗಾರ್ಡಿನ ಗರಗರ, ಸೀರೆ ಗಾರ್ಡಿನ ಕಿಣಿಕಿಣಿ, ಸೈಲೆನ್ಸರಿನೊಳಗೆ ಕಳಚಿಕೊಂಡ ತಗಡಿನ ಗಲಗಲ. ಇವು ಯಾರನ್ನೂ ಏನನ್ನೂ ಕೇಳುವುದಿಲ್ಲ. ತಿಳಿಯದವರು ಈ ಎರಡನೇ ಜಾತಿಯ ಶಬ್ದಗಳನ್ನು ಮೊದಲು ಸರಿಮಾಡಿಸುತ್ತಾರೆ, ಏಕೆಂದರೆ ಅವಕ್ಕೆ ಒಂದೊಂದು ಬೋಲ್ಟ್ ಸಾಕು. ಇದು ದೊಡ್ಡ ಪ್ರಮಾದ. ನಂಬರ್ ಪ್ಲೇಟಿನ ಗಡಗಡ ಇರುವವರೆಗೆ ಟ್ಯಾಪೆಟ್ ಕೇಳಿಸದು, ಮಡ್‌ಗಾರ್ಡ್ ಅಲ್ಲಾಡುವವರೆಗೆ ಟೈಮಿಂಗ್ ಚೈನು ಕೇಳಿಸದು. ಒಂದೊಂದು ಅಗ್ಗದ ಶಬ್ದವೂ ಒಂದೊಂದು ತುಟ್ಟಿಯ ಶಬ್ದಕ್ಕೆ ಕಾವಲು ನಿಂತಿದೆ. ಆ ಕಾವಲನ್ನು ಎರಡು ರೂಪಾಯಿಯ ನಟ್ಟಿಗಾಗಿ ಕಳೆದುಕೊಳ್ಳಬಾರದು.

ಹಾಗೆಯೇ, ದಿನವೂ ಬರುತ್ತಿದ್ದ ಶಬ್ದವೊಂದು ಥಟ್ಟನೆ ನಿಂತರೆ ಸಂತೋಷಪಡುವಂತಿಲ್ಲ. ಗಾಡಿ ತಿರುಗಿಸಿ, ಬಂದ ದಾರಿಯಲ್ಲೇ ರಸ್ತೆ ನೋಡಿಕೊಂಡು ಹಿಂದೆ ಹೋಗಬೇಕು. ಏನೋ ಬಿದ್ದಿರುತ್ತದೆ.

ಶಬ್ದವನ್ನು ಗ್ಯಾರೇಜಿನಲ್ಲಿ ನಿವೇದಿಸುವುದಕ್ಕೂ ಒಂದು ಕ್ರಮವಿದೆ.

"ಅಣ್ಣ, ಏನೋ ಸೌಂಡ್ ಬರ್ತಿದೆ."

"ಯಾವಾಗ್ಲಿಂದ ಸಾ?"

"ನಿನ್ನೆಯಿಂದ."

ಇಲ್ಲಿ ನಿನ್ನೆ ಎಂದರೆ ಯುಗಾದಿ. ಮೇಸ್ತ್ರಿಗೂ ಅದು ಗೊತ್ತು. ಆತ ಬಗ್ಗಿ ಕಿವಿಗೊಟ್ಟು, ಆಕ್ಸಲರೇಟರ್ ಎರಡು ಸಲ ತಿರುವಿ, "ಇನ್ನೊಂದಷ್ಟು ದಿನ ಓಡ್ಸಿ ಸಾ, ಜಾಸ್ತಿ ಆದ್ರೆ ಗೊತ್ತಾಗುತ್ತೆ" ಎನ್ನುತ್ತಾನೆ. ಈ ಮಾತು ಗಿರಾಕಿಗೂ ಬೇಕಿತ್ತು, ಮೇಸ್ತ್ರಿಗೂ ಬೇಕಿತ್ತು. ನಮ್ಮ ನಾಡಿನ ಸಣ್ಣ ಗಾಡಿಗಳ ಬಹುಪಾಲು ರಿಪೇರಿ ಮುಗಿಯುವುದು ಈ ಹಂತದಲ್ಲೇ, ಯಾವ ಪಾನಾವನ್ನೂ ಕೈಗೆತ್ತಿಕೊಳ್ಳದೆ.

ಟ್ಯಾಪೆಟ್ ಸರಿಮಾಡಲೇಬೇಕಾಗಿ ಬಂದರೆ ಅಳತೆಯ ಪ್ರಶ್ನೆ ಏಳುತ್ತದೆ. ಈ ಇಂಜಿನ್ನಿನಲ್ಲಿ ವಾಲ್ವಿಗೂ ರಾಕರಿಗೂ ನಡುವೆ ಇರಬೇಕಾದ ಸಂದು 0.05 ಮಿಲಿಮೀಟರ್, ಅದೂ ಇಂಜಿನ್ ತಣ್ಣಗಿದ್ದಾಗ. ಅದನ್ನು ಅಳೆಯಲು ಫೀಲರ್ ಗೇಜ್ ಎಂಬ ಸಾಧನವಿದೆ, ಬೆಲೆಯೂ ಹೆಚ್ಚಲ್ಲ. ಗ್ಯಾರೇಜಿನಲ್ಲಿ ಅದು ಇದ್ದೇ ಇರುತ್ತದೆ, ಸಿಗುವುದಿಲ್ಲ ಅಷ್ಟೆ. ಅದರ ಬದಲಿಗೆ ಯಾರದೋ ವಿಸಿಟಿಂಗ್ ಕಾರ್ಡು ಬರುತ್ತದೆ. ಪಾಯಿಂಟ್ ಸೆಟ್ಟಿನ ಕಾಲದಲ್ಲಿ ಆ ಪಾಯಿಂಟಿನ ಸಂದು ಹತ್ತಿರ ಹತ್ತಿರ 0.4 ಮಿಲಿಮೀಟರ್ ಇರುತ್ತಿದ್ದುದರಿಂದ ಕಾರ್ಡು ಹೇಗೋ ಹೊಂದುತ್ತಿತ್ತು. ಗುರುಪರಂಪರೆಯಿಂದ ಬಂದ ಆ ಕಾರ್ಡೇ ಈಗ ಟ್ಯಾಪೆಟ್ಟಿಗೂ ಇಳಿದಿದೆ. ಒಳ್ಳೆಯ ಕಾರ್ಡು 0.3 ಮಿಲಿಮೀಟರ್ ದಪ್ಪ. ಇರಬೇಕಾದುದರ ಆರು ಪಟ್ಟು. ಆದರೆ ಗಾಡಿ ನಾಲ್ಕು ಕಿಲೋಮೀಟರ್ ಓಡಿ ಬಂದು ಕಾಯ್ದಿರುತ್ತದೆ, ಹುಡುಗ ಬೆರಳಿನಲ್ಲಿ ರಾಕರನ್ನು ಅಲ್ಲಾಡಿಸಿ "ಕರೆಕ್ಟಾಗಿದೆ" ಎನ್ನುತ್ತಾನೆ, ಕಾಯ್ದ ಇಂಜಿನ್ನಿನ ತಪ್ಪು, ಕಾರ್ಡಿನ ತಪ್ಪು, ಬೆರಳಿನ ತಪ್ಪು ಮೂರೂ ಒಂದನ್ನೊಂದು ಹೊಡೆದುಹಾಕಿ ಸರಿಯಾದ ಅಳತೆ ಉಳಿಯುತ್ತದೆಂಬುದು ನಮ್ಮ ಗಣಿತ.

ಈ ಶಬ್ದವ್ಯವಸ್ಥೆಗೆ ಈಚೆಗೆ ದೊಡ್ಡ ಪೆಟ್ಟು ಕೊಟ್ಟದ್ದು ಸರ್ಕಾರ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಎಲ್ಲ ವಾಹನಗಳಿಗೂ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಬೇಕೆಂದು ಕರ್ನಾಟಕದಲ್ಲಿ 2023ರಲ್ಲಿ ಆದೇಶವಾಯಿತು. ಗಡುವು ಬಂತು, ಮುಂದಕ್ಕೆ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಆ ವಿಷಯದಲ್ಲಿ ಸರ್ಕಾರ ನಮ್ಮ ಶಾಸ್ತ್ರವನ್ನು ಚೆನ್ನಾಗಿಯೇ ಅರಗಿಸಿಕೊಂಡಿದೆ. ಪ್ಲೇಟು ಮಾತ್ರ ಅರಗಿಸಿಕೊಂಡಿಲ್ಲ. ಅಲ್ಯುಮಿನಿಯಂ ಹಾಳೆ, ಹಾಲೊಗ್ರಾಮ್ ಮುದ್ರೆ, ಲೇಸರಿನಲ್ಲಿ ಕೊರೆದ ಸಂಖ್ಯೆ, ಒಮ್ಮೆ ಕೂರಿಸಿದರೆ ಮುರಿಯದ ಹೊರತು ಬಿಚ್ಚಲು ಬಾರದ ಲಾಕು. ಗಾಡಿಯಲ್ಲಿ ಅಲ್ಲಾಡದ ಭಾಗವೊಂದು ಮೊದಲ ಬಾರಿಗೆ ಸೇರಿಕೊಂಡಿತು. ಗಡಗಡ ನಿಂತಿತು. ಪ್ಲೇಟು ಹಾಕಿಸಿದ ಮರುದಿನವೇ ಊರೂರಿನಲ್ಲಿ ಜನ ಟ್ಯಾಪೆಟ್ ಕೇಳಿಸುತ್ತಿದೆಯೆಂದು ಗ್ಯಾರೇಜಿಗೆ ಬಂದರು. ಪ್ಲೇಟಿನ ಖರ್ಚು ನಾಲ್ಕೈದು ನೂರಾದರೆ ಅದು ತಂದ ಮೌನದ ಖರ್ಚು ಅದಕ್ಕಿಂತ ಹೆಚ್ಚು.

ಹೊಗೆಯ ವಿಚಾರ ಇಷ್ಟು ಸೂಕ್ಷ್ಮವಲ್ಲ. ಕರಿ ಹೊಗೆ ಎಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ಒದರಿದರೆ ಅರ್ಧ ಗುಣ. ಚಳಿಗಾಲದ ಬೆಳಗ್ಗೆ ಒಂದಿಷ್ಟು ಬಿಳಿ ಹೊಗೆ ಬಂದರೆ ಅದು ನೀರಿನ ಆವಿ, ಬಿಡಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ: ರಿಂಗ್ ಸವೆದಿದೆ, ಇಲ್ಲವೇ ವಾಲ್ವ್ ಸೀಲ್ ಹೋಗಿದೆ. ಪುಸ್ತಕದ ಪಂಡಿತರು ಇದನ್ನು ರೋಗ ಎನ್ನುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದೊಂದು ಸೌಲಭ್ಯ. ಈ ಇಂಜಿನ್ನಿಗೆ ಬೇಕಾದ ಆಯಿಲ್ ಸುಮಾರು 900 ಮಿಲಿಲೀಟರ್. ಅದಕ್ಕೆಂದೇ ಅಷ್ಟಳತೆಯ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತವೆ. ಹೊಸ ಗಾಡಿಯವರು ಹಳೆ ಆಯಿಲ್ ಇಳಿಸಿ, ಹೊಸದು ಹಾಕಿಸಿ, ಕೂಲಿ ಕೊಡಬೇಕು. ನಮ್ಮ ಗಾಡಿ ಹಳೆಯದನ್ನು ತಾನೇ ಉರಿಸಿ ಮುಗಿಸುತ್ತದೆ, ನಾವು ಮೇಲಿನಿಂದ ಹೊಸದನ್ನು ಹೊಯ್ಯುತ್ತೇವೆ. ಆಯಿಲ್ ತಾನಾಗಿ ಬದಲಾಗುವ ಇಂಥ ತಂತ್ರಜ್ಞಾನ ಲಕ್ಷಗಟ್ಟಲೆ ಬೆಲೆಯ ಬೈಕುಗಳಲ್ಲೂ ಇಲ್ಲ.

ಆದರೂ ಒಂದಲ್ಲ ಒಂದು ದಿನ ಹಿಂದಿನಿಂದ ಬರುವ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಏನಾದರೂ ಅನ್ನುತ್ತಾನೆ. ಆಗ ಬೋರ್ ಮಾಡಿಸಬೇಕು. ಗ್ಯಾರೇಜಿನಲ್ಲಿ ಇದಕ್ಕೆ ಹಾಫ್ ಇಂಜಿನ್ ಕೆಲಸ ಎನ್ನುತ್ತಾರೆ: ಹೆಡ್ಡು, ಬ್ಲಾಕು, ಪಿಸ್ಟನ್ನು, ರಿಂಗು. ಕ್ರ್ಯಾಂಕು, ಬೇರಿಂಗೂ ಸೇರಿದರೆ ಫುಲ್ ಇಂಜಿನ್. ಮುಕ್ಕಾಲು ಇಂಜಿನ್ ಎಂಬ ಕೆಲಸವಿಲ್ಲ. ಬಿಲ್ಲು ಮಾತ್ರ ಸಾಮಾನ್ಯವಾಗಿ ಅದರದ್ದೇ ಬರುತ್ತದೆ. ಸವೆದ ಸಿಲಿಂಡರನ್ನು ಲೇತಿನವನ ಬಳಿ ಕೊರೆಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕುವುದು ಇದರ ತಿರುಳು. ಪಿಸ್ಟನ್ನುಗಳು 0.25, 0.50, 0.75, 1.00 ಮಿಲಿಮೀಟರ್ ಎಂದು ಮೆಟ್ಟಿಲುಮೆಟ್ಟಿಲಾಗಿ ದೊಡ್ಡದಾಗುತ್ತವೆ. ಇಲ್ಲಿ ಒಂದು ಲೆಕ್ಕವಿದೆ, ಯಾರೂ ಗಮನಿಸಿದಂತಿಲ್ಲ. ಹೊಸ ಗಾಡಿಯ ಬೋರು 50 ಮಿಲಿಮೀಟರ್, ಸ್ಟ್ರೋಕು 49.5, ಗುಣಿಸಿದರೆ 97.2 ಸಿಸಿ. ನಾಲ್ಕು ಸಲ ಬೋರ್ ಆದ ಮೇಲೆ ಅದು 51 ಮಿಲಿಮೀಟರ್. ಈಗ ಗುಣಿಸಿ ನೋಡಿ: 101 ಸಿಸಿ. ಶೋರೂಮಿನಿಂದ ನೂರು ಎಂದು ಹೇಳಿಸಿಕೊಂಡು ಹೊರಬಂದ ಗಾಡಿ ನಿಜಕ್ಕೂ ನೂರನ್ನು ದಾಟುವುದು ನಮ್ಮ ಕೈಗೆ ಬಂದು ಮುಪ್ಪಾದ ಮೇಲೆಯೇ. ಹೆಚ್ಚುವರಿ ಸಾಮರ್ಥ್ಯಕ್ಕೆ ಸಾರಿಗೆ ಇಲಾಖೆ ತೆರಿಗೆ ಹಾಕಿಲ್ಲ, ಹಾಕುವ ಮುನ್ನ ಇದನ್ನು ಓದಿದವರು ಸುಮ್ಮನಿರುವುದು ಒಳ್ಳೆಯದು. ಹೊಸ ಪಿಸ್ಟನ್ ಕೂತ ಮೇಲೆ ಐನೂರು ಕಿಲೋಮೀಟರ್ ನಲವತ್ತರ ಮೇಲೆ ಓಡಿಸಬೇಡಿ ಎಂದು ಮೇಸ್ತ್ರಿ ಎಚ್ಚರಿಸುತ್ತಾನೆ. ಈ ನಿಯಮ ಪಾಲಿಸಲು ನಮ್ಮ ಗಾಡಿಗಳಿಗೆ ಪ್ರತ್ಯೇಕ ಶ್ರಮ ಬೇಕಾಗಿಲ್ಲ.

ಪಾರ್ಟು ಕೊಳ್ಳುವ ಕಲೆ ಕಲಿಯಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು, ಇಲ್ಲವೇ ನಿಮ್ಮ ತಾಲ್ಲೂಕಿನ ಬಸ್‌ಸ್ಟ್ಯಾಂಡ್ ಎದುರಿನ ಆಟೊಮೊಬೈಲ್ಸ್ ಅಂಗಡಿಗೆ. ಕೌಂಟರಿನಲ್ಲಿ ಕೇಳುವ ಪ್ರಶ್ನೆ ಒಂದೇ: "ಒರಿಜಿನಲ್ ಬೇಕಾ, ಒಳ್ಳೇದು ಬೇಕಾ?" ಹೊಸಬರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಒರಿಜಿನಲ್ ಎಂದರೆ ಕಂಪನಿಯ ಮಾಲು, ಬೆಲೆ ನೋಡಿದರೆ ಗೊತ್ತಾಗುತ್ತದೆ. ಒಳ್ಳೆಯದು ಎಂದರೆ ಒರಿಜಿನಲ್ ಅಲ್ಲದ್ದು. ಅದರ ಕೆಳಗೆ ಡೆಲ್ಲಿ ಮಾಲು. ಅದರ ಡಬ್ಬಿ ಒರಿಜಿನಲ್ಲಿಗಿಂತ ಚೆನ್ನಾಗಿರುತ್ತದೆ, ಹಾಲೊಗ್ರಾಮ್ ಒಂದರ ಬದಲು ಎರಡಿರುತ್ತವೆ. ಎಲ್ಲಕ್ಕಿಂತ ಕೆಳಗೆ ಗುಜರಿ. ಗುಜರಿ ಮಾಲು ಮಾತ್ರ ಪ್ರಾಮಾಣಿಕ, ತಾನು ಹೊಸದೆಂದು ಅದು ಎಂದೂ ಹೇಳಿಕೊಂಡಿಲ್ಲ. ಅಲ್ಲಿ ಸಿಗುವುದು ಬಹುಮಟ್ಟಿಗೆ ಒರಿಜಿನಲ್ಲೇ, ಬೇರೊಬ್ಬರ ಗಾಡಿಯದು. ಒಂದು ಗಾಡಿಗೆ ಕಾಲಕ್ರಮದಲ್ಲಿ ಎಷ್ಟು ಗಾಡಿಗಳ ಅಂಗಾಂಗ ಸೇರುತ್ತದೆಂದರೆ, ಆರ್‌ಸಿ ಪುಸ್ತಕದಲ್ಲಿರುವ ಗಾಡಿ ಯಾವುದು, ನಾವು ಓಡಿಸುತ್ತಿರುವುದು ಯಾವುದು ಎಂಬುದು ತರ್ಕಶಾಸ್ತ್ರಕ್ಕೆ ಬಿಟ್ಟ ವಿಷಯ. ಚಾಸಿ ನಂಬರ್ ಕೊರೆದಿರುವ ಆ ಎರಡು ಇಂಚು ಕಬ್ಬಿಣವಂತೂ ನಿಮ್ಮದೇ.

ಮಿತವ್ಯಯದ ಶಿಖರವೆಂದರೆ ಚೈನ್ ಸ್ಪ್ರಾಕೆಟ್. ಇದರಲ್ಲಿ ಮೂರು ಭಾಗ: ಚೈನು, ಮುಂದಿನ ಸಣ್ಣ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ. ಮೂರನ್ನೂ ಒಟ್ಟಿಗೆ ಬದಲಿಸಬೇಕೆಂದು ಕಂಪನಿ ಹೇಳುತ್ತದೆ, ಏಕೆಂದರೆ ಅವು ಒಟ್ಟಿಗೇ ಸವೆಯುತ್ತವೆ. ಚೈನು ಎಳೆದು ಉದ್ದವಾಯಿತು ಎನ್ನುತ್ತೇವಲ್ಲ, ಉದ್ದವಾಗುವುದು ಕಬ್ಬಿಣವಲ್ಲ. ಕೊಂಡಿಗಳ ನಡುವಿನ ಪಿನ್ನು, ಬುಷ್ಷು ಸವೆದು ಒಂದೊಂದರಲ್ಲೂ ಕೂದಲೆಳೆಯಷ್ಟು ಸಂದು ಬೀಳುತ್ತದೆ, ನೂರಕ್ಕೂ ಹೆಚ್ಚು ಕೊಂಡಿಗಳ ಸಂದು ಕೂಡಿ ಚೈನು ಜೋತುಬೀಳುತ್ತದೆ. ಅಂಥ ಚೈನಿನೊಡನೆ ಓಡಿದ ಹಲ್ಲುಗಳು ಕೊಕ್ಕೆಯಂತೆ ಬಾಗುತ್ತವೆ. ಶಾಸ್ತ್ರಜ್ಞ ಮಾಡುವುದೇನು? ಮೊದಲು ಎರಡು ಲಿಂಕ್ ಕತ್ತರಿಸಿ ಚೈನನ್ನು ಬಿಗಿಮಾಡಿಸುತ್ತಾನೆ. ಆಮೇಲೆ ಒಂದು ಶುಕ್ಲಪಕ್ಷದಲ್ಲಿ ಚೈನು ಮಾತ್ರ ಹೊಸದು. ಹಳೆಯ ಕೊಕ್ಕೆಹಲ್ಲುಗಳು ಹೊಸ ಚೈನನ್ನು ತಮ್ಮ ಅಳತೆಗೆ ತರುತ್ತವೆ. ಮುಂದಿನ ಹಬ್ಬಕ್ಕೆ ಹಿಂದಿನ ಚಕ್ರ ಹೊಸದು. ಆಗಲೇ ಹಳತಾದ ಹೊಸ ಚೈನು ಅದರ ಹಲ್ಲುಗಳಿಗೆ ಪಾಠ ಕಲಿಸುತ್ತದೆ. ಅದಾದ ಮೇಲೆ ಮುಂದಿನ ಸಣ್ಣ ಚಕ್ರ. ಅಷ್ಟರಲ್ಲಿ ಚೈನಿನ ಸರದಿ ಮತ್ತೆ ಬಂದಿರುತ್ತದೆ. ಒಂದೇ ಸಲ ದೊಡ್ಡ ಮೊತ್ತ ಕೊಡುವ ಸಂಕಟ ಹೀಗೆ ಶಾಶ್ವತವಾಗಿ ತಪ್ಪುತ್ತದೆ. ಒಟ್ಟು ಎಷ್ಟು ಖರ್ಚಾಯಿತೆಂದು ಕೂಡಿಸುವುದು ನಮ್ಮ ಸಂಪ್ರದಾಯದಲ್ಲಿಲ್ಲ.

ಪ್ಲಗ್ಗಿನ ಬಗ್ಗೆ ನಾಲ್ಕು ಮಾತು. ಆಡುಗೋಡಿಯ ಮೈಕೋ ಕಂಪನಿ ಹೆಸರು ಬದಲಿಸಿಕೊಂಡು ಬಾಷ್ ಆಗಿ ಎಷ್ಟೋ ವರ್ಷವಾಗಿದ್ದರೂ ಹಿರಿಯ ಮೇಸ್ತ್ರಿಗಳು ಯಾವ ಪ್ಲಗ್ಗನ್ನಾದರೂ ಮೈಕೋ ಪ್ಲಗ್ಗೆಂದೇ ಕೇಳುತ್ತಾರೆ. ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಪ್ಲಗ್ ಬಿಚ್ಚಬೇಕು, ಮರಳು ಕಾಗದದಲ್ಲಿ ಉಜ್ಜಬೇಕು, ಊದಬೇಕು, ಹಾಕಬೇಕು. ಪೆಟ್ರೋಲ್ ಖಾಲಿಯಾಗಿ ನಿಂತಿದ್ದರೂ ಇದೇ ಕ್ರಮ.

ಬ್ರೇಕಿಗೆ ನಮ್ಮ ಶಾಸ್ತ್ರದಲ್ಲಿ ಬೇರೆ ಅಧ್ಯಾಯವಿಲ್ಲ, ಹಾರನ್ನಿನ ಅಧ್ಯಾಯದಲ್ಲೇ ಅದನ್ನು ಸೇರಿಸಲಾಗಿದೆ. ಹಿಂದಿನ ಡ್ರಮ್ಮಿನ ಮೇಲೆ ಒಂದು ಪುಟ್ಟ ಬಾಣದ ಗುರುತಿದೆ; ಪೆಡಲ್ ಒತ್ತಿದಾಗ ಅದು ಗೆರೆ ಮುಟ್ಟಿದರೆ ಶೂ ಮುಗಿಯಿತು ಎಂದರ್ಥ. ಈ ಬಾಣವನ್ನು ನೋಡಿದವರು ವಿರಳ, ಅದರ ಮೇಲೆ ಗ್ರೀಸು ಮತ್ತು ಮಣ್ಣಿನ ಗಟ್ಟಿ ಪದರವಿರುತ್ತದೆ. ಅಡ್ಜಸ್ಟ್ ನಟ್ಟಿನ ಮರೆ ಪೂರ್ತಿ ಮುಗಿದ ಮೇಲೂ ಒಂದು ಉಪಾಯವಿದೆ. ಕ್ಯಾಮಿನ ತೋಳನ್ನು ಕಳಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿದರೆ ಬ್ರೇಕು ಮತ್ತೆ ಹೊಸದರಂತೆ ಮೇಲೆ ಹಿಡಿಯುತ್ತದೆ. ಹಾಗೆ ಕೂರಿಸಿದ ಕ್ಯಾಮು ಒಂದು ದಿನ ಪೂರ್ತಿ ಮಗುಚಿಕೊಂಡು ಚಕ್ರವನ್ನು ಹಿಡಿದುಬಿಟ್ಟು ಮತ್ತೆ ಬಿಡುವುದೇ ಇಲ್ಲ. ಗಾಡಿ ನಿಲ್ಲುವುದಂತೂ ಖಚಿತ, ಎಲ್ಲಿ ಎಂಬುದನ್ನು ಸವಾರ ಆರಿಸುವಂತಿಲ್ಲ. ಒಂದು ಜೊತೆ ಬ್ರೇಕ್ ಶೂ ಬೆಲೆ ಒಂದು ಮಸಾಲೆದೋಸೆ ಪಾರ್ಟಿಗಿಂತ ಕಡಿಮೆ. ಆದರೂ ಜನ ಟ್ಯಾಂಕಿಗೆ ಹೊಸ ಸ್ಟಿಕರ್ ಅಂಟಿಸಿದ ಮೇಲೆ ಉಳಿದದ್ದರಲ್ಲಿ ಹಾರನ್ ಕೊಳ್ಳುತ್ತಾರೆ, ಉಳಿಯದಿದ್ದರೆ ಬ್ರೇಕಿನ ಯೋಚನೆ ಮಾಡುತ್ತಾರೆ. ಹಾರನ್ ಇದ್ದರೆ ಎದುರಿನವರು ಬ್ರೇಕ್ ಹಾಕುತ್ತಾರಲ್ಲ.

ಎಲೆಕ್ಟ್ರಿಕಲ್ ವಿಭಾಗದಲ್ಲಿ ಒಂದು ವಿಶೇಷ. ಈ ಗಾಡಿಗಳ ಹೆಡ್‌ಲೈಟು ಬ್ಯಾಟರಿಯಿಂದ ಉರಿಯುವುದಿಲ್ಲ, ಇಂಜಿನ್ ತಿರುಗಿದಷ್ಟು ಉರಿಯುತ್ತದೆ. ಜೋರಾಗಿ ಹೋದರೆ ಜೋರು ಬೆಳಕು, ಗುಂಡಿ ಬಂತೆಂದು ನಿಧಾನಿಸಿದರೆ ಗುಂಡಿ ಕಾಣದಷ್ಟು ಬೆಳಕು. ಆದ್ದರಿಂದ ಗುಂಡಿ ನೋಡಬೇಕೆಂದರೆ ಅದರೊಳಕ್ಕೆ ವೇಗವಾಗಿ ಹೋಗಬೇಕು.

ವರ್ಷಕ್ಕೊಮ್ಮೆ ಸಂಪೂರ್ಣ ಸರ್ವೀಸ್ ಆಗುವುದು ಆಯುಧಪೂಜೆಯ ದಿನ. ಅಂದು ಗಾಡಿಗೆ ಬಕೆಟ್‌ಗಟ್ಟಲೆ ನೀರು, ಸೋಪಿನ ಪುಡಿ, ಹಳೆ ಬನಿಯನ್ನಿನ ಸ್ಪರ್ಶ; ಆಮೇಲೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಹ್ಯಾಂಡಲ್ಲಿಗೆ ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು. ಪ್ಲಗ್ ಕ್ಯಾಪಿನೊಳಗೆ ನೀರು ಹೋಗಿರುವುದರಿಂದ ಗಾಡಿ ಸ್ಟಾರ್ಟ್ ಆಗುವುದಿಲ್ಲ. ನಿಂಬೆಹಣ್ಣನ್ನು ತಳ್ಳಿಕೊಂಡೇ ಚಚ್ಚುವ ಪದ್ಧತಿ ಹಲವು ಮನೆಗಳಲ್ಲಿದೆ, ಫಲದಲ್ಲಿ ವ್ಯತ್ಯಾಸವಿಲ್ಲ. ಕುಂಕುಮವನ್ನು ಮುಂದಿನ ವರ್ಷದವರೆಗೆ ಒರೆಸಬಾರದು. ತುಕ್ಕಿನ ಬಣ್ಣವೂ ಅದರ ಬಣ್ಣವೂ ಹೊಂದಿಕೊಳ್ಳುವುದರಿಂದ ಪೇಂಟಿನ ಖರ್ಚು ಉಳಿಯುತ್ತದೆ.

ಹದಿನೈದು ವರ್ಷ ತುಂಬಿದ ಗಾಡಿಗೆ ಆರ್‌ಟಿಒ ಕಚೇರಿಯಲ್ಲಿ ನೋಂದಣಿ ನವೀಕರಿಸಬೇಕು, ಅಲ್ಲಿಂದ ಮುಂದೆ ಐದೈದು ವರ್ಷದ ಆಯಸ್ಸು. ಅಂದು ಗಾಡಿಯನ್ನೇ ತೋರಿಸಬೇಕು. ಮದುವೆಗೆ ಹೊರಟವರು ಪಕ್ಕದ ಮನೆಯ ಒಡವೆ ಇಸಿದುಕೊಳ್ಳುವಂತೆ, ಬೀದಿಯಲ್ಲಿ ವಿಚಾರಿಸಿ ಎರಡು ಕನ್ನಡಿ, ಎರಡು ಇಂಡಿಕೇಟರ್ ಇಸಿದುಕೊಂಡರೆ ಸಾಕು. ಸಂಜೆ ಮರಳಿಸುವಾಗ ಕನ್ನಡಿ ಅದಲುಬದಲಾಗುವ ಅಪಾಯವಿದೆ. ಹಿಂದಿನ ಸಲ ಇಸಿದುಕೊಂಡದ್ದೇ ಇನ್ನೂ ಗಾಡಿಯಲ್ಲಿದ್ದರೆ ಈ ತೊಂದರೆ ಇಲ್ಲ.

ಈಚೆಗೆ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತು ಬರುತ್ತಿರುವುದು ಶಾಸ್ತ್ರಕ್ಕೆ ಹೊಸ ಆಯಾಮ ತಂದಿದೆ. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಸಡಿಲಗೊಳಿಸುತ್ತದೆ. ಕೆಲವು ಹಳೆಯ ವಾಹನಗಳಲ್ಲಿ ಇಪ್ಪತ್ತು ಮೂವತ್ತು ಸಾವಿರ ಕಿಲೋಮೀಟರ್ ಆದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಖರ್ಚೇನೂ ಹೆಚ್ಚಿಲ್ಲ ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಸಮಾಧಾನ ಹೇಳಿತು. ನಮಗೆ ಆ ಸಮಾಧಾನವೂ ಬೇಕಿರಲಿಲ್ಲ. ನಮ್ಮ ಗಾಡಿಗಳ ಸ್ಪೀಡೊಮೀಟರ್ ವೈರ್ ತುಂಡಾಗಿ ಕಿಲೋಮೀಟರ್ ಒಂದೇ ಕಡೆ ನಿಂತಿರುವುದರಿಂದ ಆ ಇಪ್ಪತ್ತು ಸಾವಿರ ಎಂದಿಗೂ ಆಗುವುದಿಲ್ಲ.

ಪೆಟ್ರೋಲಿನ ಮಾತು ಬಂದಿದ್ದರಿಂದ ರಿಸರ್ವಿನ ರಹಸ್ಯವನ್ನೂ ಹೇಳಿಬಿಡುತ್ತೇನೆ. ಪೆಟ್ರೋಲ್ ಕಾಕಿನಲ್ಲಿ ರಿಸರ್ವ್ ಎಂದು ಬರೆದಿರುವುದು ನಿಜವಾದ ರಿಸರ್ವ್ ಅಲ್ಲ. ಟ್ಯಾಂಕು ಫ್ರೇಮಿನ ಕಂಬಿಯ ಮೇಲೆ ಎರಡೂ ಕಡೆ ಜೋತುಬಿದ್ದ ಚೀಲ. ಕಾಕು ಇರುವುದು ಒಂದೇ ಕಡೆ. ರಿಸರ್ವೂ ಮುಗಿದು ಗಾಡಿ ನಿಂತಾಗ ಅದನ್ನು ಕಾಕಿನ ಕಡೆಗೆ ನೆಲ ಮುಟ್ಟುವಂತೆ ವಾಲಿಸಿದರೆ ಆಚೆ ಕಡೆಯಲ್ಲಿ ಉಳಿದ ಪೆಟ್ರೋಲು ಈಚೆಗೆ ಬರುತ್ತದೆ. ಮೂರು ಕಿಲೋಮೀಟರಿಗೆ ಮೋಸವಿಲ್ಲ. ನಡುರಸ್ತೆಯಲ್ಲಿ ಯಾರಾದರೂ ತಮ್ಮ ಗಾಡಿಯನ್ನು ತಬ್ಬಿಕೊಂಡು ಮಲಗಿಸುತ್ತಿದ್ದರೆ ಅಪಘಾತವೆಂದು ಓಡಿಬರಬೇಡಿ, ಅವರು ಬಂಕಿಗೆ ಹೊರಟಿದ್ದಾರೆ.

ಇಷ್ಟೆಲ್ಲ ದುರಸ್ತಿ ಕಂಡ ಗಾಡಿಯನ್ನು ಓಡಿಸಲು ಮಾಲೀಕನೊಬ್ಬನಿಗೇ ಬರುತ್ತದೆ. ಭಾವಮೈದ ಐದು ನಿಮಿಷಕ್ಕೆಂದು ಕೀ ಕೇಳಿದರೂ ವಿವರಣೆಗೇ ಹತ್ತು ನಿಮಿಷ ಬೇಕು: ಚೋಕ್ ಎಳೆದು ಮೂರು ಕಿಕ್, ಚೋಕ್ ಬಿಟ್ಟು ಎರಡು, ಎರಡನೇ ಗೇರ್ ಬೀಳದಿದ್ದರೆ ಮೂರಕ್ಕೆ ಹಾಕಿ ವಾಪಸ್ ಬರೋದು, ಹಾರನ್ ಒತ್ತುವಾಗ ಇಂಡಿಕೇಟರ್ ಹಾಕೋ ಹಾಗಿಲ್ಲ, ನಿಲ್ಲಿಸಿದ ತಕ್ಷಣ ಪೆಟ್ರೋಲ್ ಕಾಕ್ ಆಫ್, ಇಲ್ಲದಿದ್ದರೆ ಸೋರುತ್ತೆ, ಸಿಗ್ನಲ್ಲಿನಲ್ಲಿ ಮಾತ್ರ ಏನೇ ಆದರೂ ಆಫ್ ಮಾಡಬೇಡ. ಇದರಿಂದಾಗಿ ಬೀಗಕ್ಕೆ ಖರ್ಚು ಮಾಡುವ ಅಗತ್ಯವೂ ಇಲ್ಲ.

ಈ ಕುರಿತು ನಮ್ಮ ಕಡೆ ಹೇಳುವ ಒಂದು ಪ್ರಕರಣವಿದೆ. ಸಂತೆಮಾಳದ ಬಳಿ ರಾತ್ರಿ ನಿಲ್ಲಿಸಿದ್ದ ಇಂಥದೊಂದು ಗಾಡಿ ಬೆಳಗ್ಗೆ ಇರಲಿಲ್ಲ. ಮಾಲೀಕರು ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ, ಎರಡು ಫರ್ಲಾಂಗ್ ಆಚೆ, ಹುಣಸೆಮರದ ಕೆಳಗೆ ಸಿಕ್ಕಿತು. ಕಳ್ಳ ಸ್ಟಾರ್ಟ್ ಮಾಡಲು ಬಹಳ ಹೊತ್ತು ಒದ್ದಾಡಿದ್ದ. ಪ್ಲಗ್ ಬಿಚ್ಚಿ ಮಸಿ ಕೆರೆದು ಮತ್ತೆ ಹಾಕಿದ್ದ, ಜೋತುಬಿದ್ದ ಚೈನನ್ನು ಹದಕ್ಕೆ ಬಿಗಿ ಮಾಡಿದ್ದ, ಕಡೆಗೆ ಕೈಚೆಲ್ಲಿ ಹೋಗುವಾಗ ಪೆಟ್ರೋಲ್ ಕಾಕನ್ನು ಮರೆಯದೆ ಆಫ್ ಮಾಡಿದ್ದ. ಅವತ್ತಿನಿಂದ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್. ಮಾಲೀಕರು ದೂರು ಕೊಡಲಿಲ್ಲ. ಈಗ ತಿಂಗಳ ಕೊನೆಯಲ್ಲಿ ಒಂದು ರಾತ್ರಿ ಗಾಡಿಯನ್ನು ಅದೇ ಸಂತೆಮಾಳದ ಬಳಿ, ಹ್ಯಾಂಡಲ್ ಲಾಕ್ ಹಾಕದೆ, ಸೀಟಿನ ಮೇಲೆ ಪಾನಾ ಸೆಟ್ಟಿಟ್ಟು ಬರುತ್ತಾರೆ. ಕಾರ್ಬೊರೇಟರ್ ಕೆಲಸ ಬಾಕಿ ಇದೆ.